ಅಜ್ಜನ ಕಾಲದ ಮಿಲಿಟರಿ ಕೋವಿಗಳು: ಬೆಲೆ ಎಷ್ಟು, ನಂಬಿಕೆ ಎಷ್ಟು?

ಪ್ರಶ್ನೆ — ಐನ್‌ಮನೆಯ ಕಿರಿಯ, ನಾಪೋಕ್ಲು ಕಡೆ

ನಮ್ಮ ಐನ್‌ಮನೆಯಲ್ಲಿ (ಕೊಡಗಿನ ಕುಟುಂಬದ ಮೂಲಮನೆ) ಎರಡು ಹಳೆಯ ಕೋವಿಗಳಿವೆ. ಒಂದು ಬೋಲ್ಟ್ ಎಳೆದು ತೋಟೆ ತುಂಬುವ ರೈಫಲ್. ಮನೆಯವರೆಲ್ಲ ಅದನ್ನು 'ತ್ರೀ ನಾಟ್ ತ್ರೀ' ಎಂದೇ ಕರೆಯುತ್ತ ಬಂದಿದ್ದಾರೆ, ಸೈನ್ಯದಿಂದ ನಿವೃತ್ತರಾಗಿ ಬರುವಾಗ ಅಜ್ಜ ತಂದದ್ದು ಎಂಬುದು ಮನೆಮಾತು. ಇನ್ನೊಂದು ಅದಕ್ಕಿಂತ ಬಹಳ ಹಳೆಯದು. ಕುದುರೆಯ (ಟ್ರಿಗರ್) ಹಿಂದಿರುವ ಸನ್ನೆಯನ್ನು ಕೆಳಕ್ಕೆ ಎಳೆದರೆ ಮೇಲ್ಭಾಗ ಬಾಯಿ ತೆರೆಯಬೇಕಾದ ಒಂಟಿ ನಳಿಗೆಯ ಕೋವಿ ಅದು, ಆದರೆ ಈಗ ಆ ಸನ್ನೆ ಅರ್ಧಕ್ಕೇ ನಿಲ್ಲುತ್ತದೆ. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಎರಡನ್ನೂ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತೇವೆ.

ತಂದೆಯವರು ತೀರಿಕೊಂಡ ಮೇಲೆ ಕಾಗದಪತ್ರಗಳನ್ನು ನನ್ನ ಹೆಸರಿಗೆ ಮಾಡಿಸುವ ಕೆಲಸ ಶುರುವಾಗಿದೆ. ಈ ಹೊತ್ತಿನಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯಗಳೆದ್ದಿವೆ. ಫೋಟೊ ನೋಡಿದ ನಗರದ ವ್ಯಾಪಾರಿಯೊಬ್ಬರು ಎರಡಕ್ಕೂ ಸೇರಿಸಿ ಗುಜರಿಯ ಬೆಲೆಯಂಥದೊಂದನ್ನು ಹೇಳಿದರು. ವಿದೇಶದಲ್ಲಿರುವ ನನ್ನ ಸೋದರಸಂಬಂಧಿ ಅಲ್ಲಿಯ ಹರಾಜು ತಾಣಗಳನ್ನು ನೋಡಿ, ಒಂದೊಂದಕ್ಕೂ ಲಕ್ಷಗಟ್ಟಲೆ ಬರುತ್ತದೆ ಎನ್ನುತ್ತಾನೆ. ನನಗೆ ಮಾರುವ ಆತುರವೇನೂ ಇಲ್ಲ, ಆದರೆ ಕೈಯಲ್ಲಿರುವುದು ಏನೆಂದು ತಿಳಿಯಬೇಕು. ರೈಫಲ್‌ನಲ್ಲಿ ಈ ಸಲದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಇಳಿಯಬಹುದೇ? ಹೊರಗಿನಿಂದ ನೋಡಿದರೆ ಅದು ಬಹಳ ಚೆನ್ನಾಗಿದೆ, ತುಕ್ಕಿನ ಚುಕ್ಕೆಯೂ ಇಲ್ಲ. ಹಳೆಯ ಕೋವಿಯನ್ನು ಪಾಲಿಶ್ ಮಾಡಿಸಿದರೆ ಬೆಲೆ ಏರುತ್ತದೆಯೇ? ಅಜ್ಜನ ಪೆಟ್ಟಿಗೆಯಲ್ಲಿ ಒಂದಿಷ್ಟು ಹಳೆಯ ತೋಟೆಗಳೂ ಇವೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ — ನಿವೃತ್ತ ಆರ್ಮರರ್, ಕುಶಾಲನಗರ

ಬೆಲೆಯ ಮಾತನ್ನು ಬೇರೆಯವರು ಹೇಳಲಿ. ಸೈನ್ಯದಲ್ಲಿ ಕೋವಿ ದುರಸ್ತಿಯೇ ನನ್ನ ಕೆಲಸವಾಗಿದ್ದರಿಂದ, ಈಡು ಹೊಡೆಯಬಹುದೇ ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ. ಸದ್ಯಕ್ಕೆ ಬೇಡ. ಹೊರಗಿನ ಹೊಳಪು ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಮೊದಲು ಅದು ಯಾವ ಬೋರಿನದೆಂದು, ಅಂದರೆ ಎಷ್ಟು ಅಗಲದ ನಳಿಗೆಯದೆಂದು, ಗೊತ್ತಾಗಬೇಕು. ಬೋಲ್ಟ್ ಇರುವ ಯಾವ ರೈಫಲ್ ಕಂಡರೂ ತ್ರೀ ನಾಟ್ ತ್ರೀ ಎನ್ನುವುದು ನಮ್ಮ ಜನರ ರೂಢಿ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯೊಂದರಿಂದಲೇ, ಹೆಚ್ಚುಕಡಿಮೆ ಒಂದೇ ಬೋಲ್ಟ್ ರಚನೆಯ ಮೇಲೆ, ನಾಲ್ಕು ಬೇರೆ ಬೇರೆ ಜಾತಿಯ ಕೋವಿಗಳು ಹೊರಬಂದಿವೆ. .303 ಬೋರಿನ ಲೀ-ಎನ್‌ಫೀಲ್ಡ್ ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳ ಹೆಗಲ ಮೇಲಿದ್ದದ್ದು, ಅದರ ಮ್ಯಾಗಜಿನ್‌ನಲ್ಲಿ ಹತ್ತು ತೋಟೆ ಹಿಡಿಯುತ್ತದೆ. ಅದೇ ರೈಫಲ್‌ನ ನಳಿಗೆಯನ್ನು ನಯವಾಗಿ ಕೊರೆದು .410 ಬೋರಿನ ಮಸ್ಕೆಟ್ ಮಾಡಿ, ಮ್ಯಾಗಜಿನ್‌ನ ಜಾಗಕ್ಕೆ ಮರದ ತುಂಡು ಬಡಿದು, ಒಂದೊಂದೇ ತೋಟೆ ಹಾಕುವಂತೆ ಪೊಲೀಸರಿಗೂ ಕಾವಲಿನವರಿಗೂ ಕೊಟ್ಟರು. ದೂರದಿಂದ ಇವೆರಡನ್ನೂ ಗುರುತಿಸುವುದು ಕಷ್ಟ. 1962ರ ಚೀನಾ ಯುದ್ಧದ ನಂತರ 7.62 ಮಿ.ಮೀ. ತೋಟೆಗೆಂದು ಹೊಸ ಉಕ್ಕಿನಲ್ಲಿ ಮಾಡಿದ 2ಎ ಮತ್ತು 2ಎ1 ಮೂರನೆಯವು, ಅವುಗಳಲ್ಲಿ ಹನ್ನೆರಡು ತೋಟೆಯ ಚೌಕಾಕಾರದ ಮ್ಯಾಗಜಿನ್ ಇರುತ್ತದೆ. ನಾಲ್ಕನೆಯದು ನಾಗರಿಕರಿಗೆಂದೇ ಮಾಡಿದ .315 ಸ್ಪೋರ್ಟಿಂಗ್ ರೈಫಲ್. ಅದರ ಮುಂಭಾಗದ ಮರ ಅರ್ಧಕ್ಕೇ ನಿಂತು ನಳಿಗೆ ಬರಿದಾಗಿ ಕಾಣುತ್ತದೆ, ಬಯೊನೆಟ್ ಸಿಕ್ಕಿಸುವ ಮೂಗು ಇರುವುದಿಲ್ಲ, ಮ್ಯಾಗಜಿನ್ ಐದು ತೋಟೆಯದು. ಆದರೆ ಮರದ ಉದ್ದ ಒಂದನ್ನೇ ನಂಬಬೇಡಿ, ಏಕೆಂದರೆ ಮಿಲಿಟರಿ ರೈಫಲ್‌ನ ಮರವನ್ನು ಕತ್ತರಿಸಿ ಶಿಕಾರಿ ರೈಫಲ್‌ನಂತೆ ಮಾಡಿರುವುದೂ ಉಂಟು.

ಗುರುತು ಹುಡುಕಬೇಕಾದ ಜಾಗ ಎರಡು. ಬೋಲ್ಟ್ ಹಿಡಿಯ ಕೆಳಗೆ, ಹಿಂದಿನ ಮರ ಸೇರುವ ಕಬ್ಬಿಣದ ಪಟ್ಟಿಯ ಬಲಗಡೆಯಲ್ಲಿ ಕಿರೀಟ, ರಾಜನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ, ಮಾದರಿ ಇವೆಲ್ಲ ಒಂದರ ಕೆಳಗೊಂದು ಇರುತ್ತವೆ. ಸ್ವಾತಂತ್ರ್ಯಾನಂತರದ್ದಾದರೆ ಕಿರೀಟದ ಬದಲು ಅಶೋಕ ಸ್ತಂಭವೂ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಅಕ್ಷರಗಳೂ ಕಾಣುತ್ತವೆ. ಎರಡನೆಯದು ನಳಿಗೆಯ ಬುಡ, ಅಲ್ಲಿ ಬೋರು ಬರೆದಿರುತ್ತದೆ. ಎಲ್ಲಾದರೂ ಡಿ.ಪಿ. ಎಂಬ ಎರಡಕ್ಷರ ಕಂಡರೆ ಅದು ಕವಾಯತಿಗೆ ಮಾತ್ರ ಉಳಿಸಿದ ರೈಫಲ್ ಎಂದರ್ಥ. ಅದರಲ್ಲಿ ಎಂದಿಗೂ ಈಡು ಹೊಡೆಯಬಾರದು, ಹೊರನೋಟಕ್ಕೆ ಹೇಗೇ ಇರಲಿ.

ಬೋರು ತಿಳಿದ ಮೇಲೆ ನಳಿಗೆ. ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತರಿ ಮಾಡಿಕೊಂಡು ಬೋಲ್ಟ್ ಹೊರತೆಗೆಯಿರಿ. ಬುಡದ ಹತ್ತಿರ ಬಿಳಿ ಕಾಗದ ಹಿಡಿದು ಅದಕ್ಕೆ ಬೆಳಕು ಬೀಳುವಂತೆ ಮಾಡಿ, ಬಾಯಿಯ ಕಡೆಯಿಂದ ನೋಡಿ. ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಗೆರೆಗಳ ಮೂಲೆಯಲ್ಲಿ ಕಪ್ಪು ಗೀರುಗಳಿದ್ದರೆ ಅಲ್ಲಿ ತುಕ್ಕು ಕುಳಿ ತೋಡಿದೆ. ಅಷ್ಟಿಷ್ಟು ಕುಳಿಯಿಂದ ಗುರಿ ಕೆಡಬಹುದೇ ಹೊರತು ಸಾಮಾನ್ಯವಾಗಿ ಅಪಾಯವಾಗುವುದಿಲ್ಲ. ಅಪಾಯವಿರುವುದು ಬೇರೆ ಗುರುತಿನಲ್ಲಿ: ಒಳಗೆ ಎಲ್ಲಾದರೂ ಉಂಗುರದಂಥ ನೆರಳು ಸುತ್ತಿ ನಿಂತಿದ್ದರೆ, ನಳಿಗೆ ಆ ಜಾಗದಲ್ಲಿ ಉಬ್ಬಿದೆ ಎಂದು ತಿಳಿಯಬೇಕು. ಬಾಯಿಯಲ್ಲಿ ಅಡಚಣೆಯಿದ್ದಾಗ ಹೊಡೆದ ಈಡಿನಿಂದ ಹೀಗಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಥಂಡಿ ಒಳಗೆ ಹೋಗದಿರಲೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕಿಡುವ ಅಭ್ಯಾಸವಿದೆಯಲ್ಲ, ಅದನ್ನು ತೆಗೆಯಲು ಮರೆತು ಕುದುರೆ ಎಳೆದವರ ಕೋವಿಗಳನ್ನು ನಾನು ನೋಡಿದ್ದೇನೆ.

ಮೂರನೆಯದು ಬೋಲ್ಟ್. ಲೀ ಮಾದರಿಯಲ್ಲಿ ತೋಟೆಯ ಒತ್ತಡವನ್ನು ತಡೆಯುವ ಗುಬ್ಬಿಗಳು ಬೋಲ್ಟ್‌ನ ಹಿಂಭಾಗದಲ್ಲಿವೆ, ಎಡಗಡೆಯ ಗುಬ್ಬಿ ಮತ್ತು ಬಲಗಡೆಯ ಉದ್ದ ಏಣು ಎರಡೂ ಸಮವಾಗಿ ಕೂರಬೇಕು. ಕಾರ್ಖಾನೆಯಲ್ಲಿ ಒಂದೊಂದು ಬೋಲ್ಟನ್ನೂ ಅದರದೇ ಚೌಕಟ್ಟಿಗೆ ಕೂರಿಸಿ, ಎರಡಕ್ಕೂ ಒಂದೇ ಸಂಖ್ಯೆ ಒತ್ತುತ್ತಾರೆ. ಸಂಖ್ಯೆ ಬೇರೆಯಿದ್ದರೆ ಬೋಲ್ಟ್ ಎಲ್ಲಿಂದಲೋ ಬಂದಿದೆ, ಹಾಗಾದಾಗ ಬೋಲ್ಟ್ ಮುಖಕ್ಕೂ ನಳಿಗೆಯ ಬುಡಕ್ಕೂ ನಡುವಿನ ಅಂತರವನ್ನು ಗೇಜು ಹಾಕಿ ಅಳೆಯದೆ ನಂಬುವಂತಿಲ್ಲ. .303 ರೈಫಲ್‌ಗೆ ಈ ಅಂತರ 0.064 ಇಂಚಿಗಿಂತ ಕಡಿಮೆ ಇರಬಾರದು, 0.074 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಿಕೊಳ್ಳಬಾರದು. .315ಕ್ಕೆ ಅದರದೇ ಗೇಜು ಬೇಕು. ಅಂತರ ಹೆಚ್ಚಾದರೆ ಹಿತ್ತಾಳೆಯ ಕೋಶ ಹಿಂದಕ್ಕೆ ಎಳೆದುಕೊಂಡು ಬುಡದ ಹತ್ತಿರ ಹರಿಯುತ್ತದೆ, ಆಗ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರುತ್ತದೆ.

ಕೋವಿಯನ್ನು ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು ಒಂದು ಈಡು ಹೊಡೆದು 'ಪರೀಕ್ಷೆ ಆಯಿತು' ಎನ್ನುವವರು ಈಗಲೂ ಇದ್ದಾರೆ. ಅದರಿಂದ ತಿಳಿಯುವುದು ಆ ಒಂದು ಈಡನ್ನು ಅದು ತಡೆಯಿತು ಎಂಬುದಷ್ಟೆ. ನಿಜವಾದ ಪ್ರೂಫ್ ಪರೀಕ್ಷೆಯಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ಹೊಡೆದು, ಹೊಡೆಯುವ ಮೊದಲೂ ಆಮೇಲೂ ಅಳತೆ ತೆಗೆದು, ಎಲ್ಲಿಯಾದರೂ ಹಿಗ್ಗಿದೆಯೇ ಎಂದು ನೋಡುತ್ತಾರೆ.

ಹಳೆಯ ತೋಟೆಗಳ ಬಗ್ಗೆ ಇನ್ನೊಂದು ಮಾತು. ಹಿಂದಿನ ಮಿಲಿಟರಿ ತೋಟೆಗಳ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಗಾಳಿಯ ತೇವವನ್ನು ಹೀರಿ, ಎಣ್ಣೆಯ ಪದರದ ಅಡಿಯಲ್ಲೇ ಅದು ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಆದ್ದರಿಂದಲೇ ಹಳೆಯ ಸಿಪಾಯಿಗಳು ಈಡು ಹೊಡೆದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ದು, ಬಟ್ಟೆ ಎಳೆದು ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಈ ಒಂದು ಕೆಲಸ ಬಿಟ್ಟವರ ನಳಿಗೆಗಳು ಒಂದೇ ಮಳೆಗಾಲದಲ್ಲಿ ಹಾಳಾಗಿವೆ. ಸೀಮೆಎಣ್ಣೆಯಲ್ಲಿ ಒರೆಸಿ ಸುಮ್ಮನಾಗುವುದು ಸಾಲದು, ಕೊಬ್ಬರಿ ಎಣ್ಣೆಯಂತೂ ಅಂಟಾಗಿ ಬೋಲ್ಟ್‌ನ ಸ್ಪ್ರಿಂಗನ್ನೇ ಹಿಡಿದುಬಿಡುತ್ತದೆ.

ಉತ್ತರ — ಕಡತ ಓದುವವ, ಮಡಿಕೇರಿ

ಮೇಲಿನವರು ಬೋರಿನಿಂದ ಆರಂಭಿಸಿದ್ದು ಸರಿಯಾಯಿತು. ಬೆಲೆಯ ಲೆಕ್ಕವೂ ಅಲ್ಲಿಂದಲೇ ಆರಂಭವಾಗುತ್ತದೆ.

ನಮ್ಮ ದೇಶದಲ್ಲಿ ಹಳೆಯ ಕೋವಿಯ ಬೆಲೆಯನ್ನು ಮೊದಲು ನಿರ್ಧರಿಸುವುದು ಅದರ ಸ್ಥಿತಿಯಲ್ಲ, ಕಾನೂನಿನಲ್ಲಿ ಅದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು. ಸೈನ್ಯದ .303 ಅಥವಾ 7.62 ಮಿ.ಮೀ. ತೋಟೆ ಹಾಕಬಹುದಾದ ಬೋಲ್ಟ್ ರೈಫಲ್‌ಗಳೂ, ಮೇಲೆ ಹೇಳಿದ .410 ಮಸ್ಕೆಟ್‌ಗಳೂ, ಸೈನ್ಯದ 9 ಮಿ.ಮೀ. ತೋಟೆಯ ಪಿಸ್ತೂಲುಗಳೂ ನಿಷೇಧಿತ ಬೋರುಗಳ ಪಟ್ಟಿಯಲ್ಲಿ ಬರುತ್ತವೆ. ಇವುಗಳಿಗೆ 1959ರ ಆಯುಧ ಕಾಯ್ದೆಯ 7ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಅಂಥ ರೈಫಲ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೊಳ್ಳಲು ಅರ್ಹನಾದವನು ಸಿಗುವುದು ಅಪರೂಪ, ಕೊಳ್ಳುವವನೇ ಇಲ್ಲದ ಮೇಲೆ ಬೆಲೆ ಎಲ್ಲಿಂದ ಬರಬೇಕು? .315, .30-06, 12 ಬೋರು ಇವು ನಿಷೇಧಿತವಲ್ಲದ್ದರಿಂದ ಕೈ ಬದಲಾಗುತ್ತವೆ. ಬ್ರಿಟಿಷರ ಕಾಲದಲ್ಲೇ ಸೈನ್ಯದ ತೋಟೆ ಜನರ ಕೋವಿಗೆ ಹೊಂದಬಾರದೆಂಬ ಎಚ್ಚರವಿತ್ತು, .315 ನಮ್ಮಲ್ಲಿ ಬೇರೂರಿದ್ದು ಅದರಿಂದಲೇ. ಆ ತೋಟೆ ಮೂಲತಃ ಆಸ್ಟ್ರಿಯಾದ 8 ಮಿ.ಮೀ. ಮಾನ್ಲಿಷರ್ ತೋಟೆ.

ಕೋವಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿ ನಮಗೆ ಇದೆಯಲ್ಲ ಎಂದು ನಮ್ಮವರು ಕೇಳುತ್ತಾರೆ. 1861ರಿಂದ ಬಂದ ಆ ವಿನಾಯಿತಿ ಕೊಡವ ಕುಲದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಲೈಸೆನ್ಸಿನಿಂದ ವಿನಾಯಿತಿ ಬೇರೆ, ನಿಷೇಧಿತ ಬೋರಿಗೆ ಅನುಮತಿ ಬೇರೆ. ಮೊದಲನೆಯದು ಎರಡನೆಯದನ್ನೂ ಕೊಡುತ್ತದೆ ಎಂದು ತಾವಾಗಿ ಭಾವಿಸಬಾರದು.

ಅಜ್ಜ ಸೈನ್ಯದಿಂದ ತಂದದ್ದು ಎಂಬ ಮನೆಮಾತಿಗೂ ಕಾಗದ ಬೇಕು. ಸೈನ್ಯದಲ್ಲಿ ಬಳಕೆಯಲ್ಲಿಲ್ಲದ ಮಾದರಿಯ ಆಯುಧಗಳನ್ನು ಎನ್.ಎಸ್.ಪಿ. ಎಂಬ ಹೆಸರಿನಲ್ಲಿ ಜಬಲ್ಪುರದ ಆಯುಧ ಡಿಪೊ ಮೂಲಕ ಸೇನಾಧಿಕಾರಿಗಳಿಗೆ ಹಂಚುವ ಪದ್ಧತಿ ಇತ್ತು. ಹಾಗೆ ಬಂದದ್ದಾದರೆ ಹಂಚಿಕೆಯ ಆದೇಶವೋ ರಸೀದಿಯೋ ಇರಬೇಕು, ಅದರಲ್ಲಿ ಬೋರೂ ಕ್ರಮಸಂಖ್ಯೆಯೂ ಇರುತ್ತವೆ. ನಿಜ ಹೇಳಬೇಕೆಂದರೆ, ಸಂಗ್ರಾಹಕನಿಗೆ ಆ ಒಂದು ಹಾಳೆಯ ಬೆಲೆ ಕೋವಿಯ ಬೆಲೆಗಿಂತ ಕಡಿಮೆಯದಲ್ಲ.

ವಿದೇಶದ ಹರಾಜು ಬೆಲೆಯನ್ನು ರೂಪಾಯಿಗೆ ತಿರುಗಿಸಿ ಸಂತೋಷಪಡುವುದು ವ್ಯರ್ಥ. ಅಲ್ಲಿಗೆ ಕಳುಹಿಸಲು ದಾರಿಯಿಲ್ಲ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವುದನ್ನೇ ತಡೆಯುತ್ತದೆ. ನಮ್ಮಲ್ಲಿ ಇನ್ನೊಂದು ವಿಚಿತ್ರವೂ ಇದೆ. 1980ರ ದಶಕದ ಮಧ್ಯದಿಂದ ಖಾಸಗಿಯವರು ಕೋವಿ ಆಮದು ಮಾಡುವುದು ಬಹುತೇಕ ನಿಂತದ್ದರಿಂದ, ಹೊರದೇಶದ ಮುದ್ರೆಯಿರುವ ಸಾಧಾರಣ ಕೋವಿಗಳಿಗೂ ಇಲ್ಲಿ ಅವುಗಳ ಯೋಗ್ಯತೆಗೆ ಮೀರಿದ ಬೆಲೆ ಬಂದುಬಿಟ್ಟಿದೆ. ಅದು ಕೊರತೆಯ ಬೆಲೆ, ಗುಣದ ಬೆಲೆಯಲ್ಲ. ನಗರದ ವ್ಯಾಪಾರಿ ಕಡಿಮೆ ಹೇಳಿದ್ದರಲ್ಲಿ ಅವನ ಲಾಭದ ಲೆಕ್ಕ ಇದ್ದೇ ಇದೆ, ಆದರೆ ಬೋರು ಗೊತ್ತಿಲ್ಲದ ಕೋವಿಗೆ ಯಾರೇ ಆದರೂ ಭಯಪಟ್ಟೇ ಬೆಲೆ ಹೇಳುತ್ತಾರೆ.

ಉತ್ತರ — ಹಳೆ ಸಾಮಾನಿನ ಹುಚ್ಚ, ಸೋಮವಾರಪೇಟೆ

ರೈಫಲ್ ಬಗ್ಗೆ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಯಾರೂ ಕಿವಿಗೆ ಹಾಕಿಕೊಳ್ಳದ ಎರಡನೆಯ ಕೋವಿಯೇ ನನ್ನ ಕುತೂಹಲದ್ದು. ಸನ್ನೆ ಎಳೆದರೆ ಬಾಯಿ ತೆರೆಯುತ್ತದೆ ಎಂದ ಮಾತಿನಿಂದ ಅದು ಮಾರ್ಟಿನಿ ಜಾತಿಯದೆಂದು ಅನ್ನಿಸುತ್ತದೆ. 1871ರಲ್ಲಿ ಬ್ರಿಟಿಷ್ ಸೈನ್ಯ ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲ್ ಕರಿಮದ್ದಿನದು, ಗುಂಡಿನ ತೂಕ 480 ಗ್ರೇನ್, ಮದ್ದು 85 ಗ್ರೇನ್. ಗೋರಾ ತುಕಡಿಗಳಿಗೆ ಹೊಸ ಕೋವಿ ಬಂದಾಗ ಹಳೆಯದು ಭಾರತೀಯ ತುಕಡಿಗಳಿಗೆ ಇಳಿಯುತ್ತಿತ್ತು, 1857ರ ಅನುಭವದಿಂದ ಅವರು ಕಲಿತ ಬುದ್ಧಿ ಅದು. ಹಾಗಾಗಿ ನಮ್ಮ ದೇಶದ ಮೂಲೆಮೂಲೆಗಳಲ್ಲಿ ಮಾರ್ಟಿನಿಗಳು ಉಳಿದುಕೊಂಡಿವೆ.

ಇದರಲ್ಲೂ ಮೊದಲು ನಳಿಗೆಯ ಬಾಯಿಯ ಅಗಲ ಅಳೆಯಿರಿ. ಸಾಧಾರಣ ವರ್ನಿಯರ್ ಸಾಕು. ಸುಮಾರು 11.4 ಮಿ.ಮೀ. ಇದ್ದರೆ ಮೂಲ ಹೆನ್ರಿ ನಳಿಗೆ, ಸುತ್ತ ಏಳು ಗೆರೆಗಳಿರುತ್ತವೆ. 18.5 ಮಿ.ಮೀ. ಹತ್ತಿರವಿದ್ದರೆ ಯಾರೋ 12 ಬೋರಿಗೆ ಬದಲಾಯಿಸಿದ್ದಾರೆ ಅಥವಾ ಅದು ಮೊದಲಿನಿಂದಲೂ ಛರ್ರೆಯ ಕೋವಿಯೇ. 7.7 ಮಿ.ಮೀ. ಆಸುಪಾಸಿನಲ್ಲಿದ್ದರೆ ಎಚ್ಚರ: 1890ರ ದಶಕದಲ್ಲಿ ಬಹಳಷ್ಟು ಮಾರ್ಟಿನಿಗಳಿಗೆ .303 ನಳಿಗೆ ಕೂರಿಸಿದ್ದರು. ಆಗ ಅಜ್ಜಂದಿರ ಕಾಲದ ಆಟಿಕೆಯಂತೆ ಕಾಣುವ ಈ ಕೋವಿಯೇ ನಿಷೇಧಿತ ಬೋರಿನದಾಗಿ, ನಿಮ್ಮ ಮನೆಮಾತಿನ ತ್ರೀ ನಾಟ್ ತ್ರೀ ನಿರಪರಾಧಿಯಾಗಬಹುದು.

ಆಮೇಲೆ ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. ಖೈಬರ್ ಕಣಿವೆಯ ಕಮ್ಮಾರರು ಮಾರ್ಟಿನಿಯನ್ನು ಮುದ್ರೆ ಸಮೇತ ನಕಲು ಮಾಡುವುದರಲ್ಲಿ ಹೆಸರುವಾಸಿ. ಇಂಗ್ಲಿಷ್ ಓದಲು ಬಾರದ ಕೈ ಕೆತ್ತಿದ ಮುದ್ರೆಯಲ್ಲಿ ಎನ್ ಅಕ್ಷರ ತಿರುಗಿಬಿದ್ದಿರುತ್ತದೆ, ಕಾಗುಣಿತ ತಪ್ಪಿರುತ್ತದೆ, ವಿ.ಆರ್. ಎಂದು ವಿಕ್ಟೋರಿಯಾಳ ಹೆಸರಿನ ಕೆಳಗೆ ಅವಳು 1901ರಲ್ಲಿ ತೀರಿಕೊಂಡ ನಂತರದ ವರ್ಷ ಇರುತ್ತದೆ. ನಕಲಿಗಳ ಕಬ್ಬಿಣ ಯಾವುದೆಂದು ಮಾಡಿದವನಿಗೂ ಗೊತ್ತಿರಲಿಲ್ಲ, ಅವುಗಳನ್ನು ಗೋಡೆಯಿಂದ ಇಳಿಸಲೇಬಾರದು. ನೇಪಾಳದ ಹಳೆಯ ಶಸ್ತ್ರಾಗಾರದಲ್ಲಿದ್ದ ಸಾವಿರಾರು ಮಾರ್ಟಿನಿಗಳು 2003ರಲ್ಲಿ ಅಮೆರಿಕದ ವ್ಯಾಪಾರಿಗಳ ಪಾಲಾಗಿ ಮಾರುಕಟ್ಟೆಗೆ ಬಂದಿವೆ. ಹೀಗಾಗಿ ವಿದೇಶದಲ್ಲೂ ಸಾಧಾರಣ ಮಾರ್ಟಿನಿ ಈಗ ಅಪರೂಪದ ವಸ್ತುವೇನಲ್ಲ. ಸೋದರಸಂಬಂಧಿಗೆ ಇದನ್ನೂ ತಿಳಿಸಿ.

ಪಾಲಿಶ್ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಮುಟ್ಟಬೇಡಿ. ಮರಳು ಕಾಗದದಲ್ಲಿ ಉಜ್ಜಿದರೆ ಮೊದಲು ಹೋಗುವುದು ಮುದ್ರೆಗಳ ಅಂಚು, ಆಮೇಲೆ ಅಂಕಿಗಳು. ಸಂಖ್ಯೆ ಅಳಿಸಿದ ಕೋವಿಗೆ ಸಂಗ್ರಾಹಕನೂ ಇಲ್ಲ, ಮೇಲಾಗಿ ಆಯುಧದ ಕ್ರಮಸಂಖ್ಯೆ ಅಳಿಸುವುದೇ ಅಪರಾಧ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತ ಹಳೆಯ ಪದರ ಕೋವಿಗೆ ರಕ್ಷಣೆಯೇ. ಕೆಂಪಗೆ ಪುಡಿ ಉದುರುವ ಹೊಸ ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿದ ಒರಟು ಬಟ್ಟೆಯಿಂದ ತೆಗೆಯಿರಿ. ಹೊಳಪು ಇದ್ದರೇ ಗಿರಾಕಿ ಎಂದು ನಮ್ಮ ಅಂಗಡಿಗಳವರು ಹೇಳುವುದು ನನಗೆ ಗೊತ್ತು, ಬೋರು 12ರ ಬಳಕೆಯ ಕೋವಿಗೆ ಅದು ನಿಜವೂ ಇರಬಹುದು, ಮಾರ್ಟಿನಿಗೆ ಅಲ್ಲ.

ಕಡತ ಓದುವವರ ಒಂದು ಮಾತಿಗೆ ನನ್ನ ತಕರಾರಿದೆ. ಕೊಳ್ಳುವವನಿಲ್ಲದಿದ್ದರೆ ಬೆಲೆಯಿಲ್ಲ ಎಂದರೆ, ಕೊಡಗಿನ ಅರ್ಧ ಐನ್‌ಮನೆಗಳ ಕನ್ನಿಕೋಂಬರೆಯಲ್ಲಿ (ಪೂಜೆಯ ಕೋಣೆ) ಇರುವುದಕ್ಕೆಲ್ಲ ಬೆಲೆಯಿಲ್ಲವೆಂದಾಯಿತು. ಅಜ್ಜನ ಪಲ್ಟಣ, ಹುದ್ದೆ, ಕೋವಿಯ ಸಂಖ್ಯೆ, ಅವರು ಅದನ್ನು ಹಿಡಿದಿರುವ ಹಳೆಯ ಫೋಟೊ, ಇಷ್ಟನ್ನು ಒಟ್ಟಿಗಿಟ್ಟರೆ ಅದಕ್ಕೆ ಇನ್ನೊಂದು ಬಗೆಯ ಮೌಲ್ಯ ಬರುತ್ತದೆ, ವಸ್ತುಸಂಗ್ರಹಾಲಯಗಳು ಕೇಳುವುದೂ ಅದನ್ನೇ.

ಮರುಪ್ರಶ್ನೆ — ಐನ್‌ಮನೆಯ ಕಿರಿಯ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ಎರಡನ್ನೂ ಹಗಲು ಬೆಳಕಿನಲ್ಲಿ ಇಟ್ಟು ನೋಡಿದೆ.

ರೈಫಲ್‌ನ ಮರ ಅರ್ಧಕ್ಕೇ ನಿಂತಿದೆ, ಮ್ಯಾಗಜಿನ್ ಐದು ತೋಟೆಯದು. ಪಟ್ಟಿಯ ಮೇಲೆ ಆರ್.ಎಫ್.ಐ. ಎಂದೂ, ನಳಿಗೆಯ ಬುಡದಲ್ಲಿ .315 ಎಂದೂ ಇದೆ. ಅಂದರೆ ನಮ್ಮ ತ್ರೀ ನಾಟ್ ತ್ರೀ ತ್ರೀ ನಾಟ್ ತ್ರೀಯೇ ಅಲ್ಲ, ಮಿಲಿಟರಿಯದೂ ಅಲ್ಲ. ತಂದೆಯವರ ಕಾಗದದಲ್ಲೂ .315 ಎಂದೇ ಇದೆ, ನಾವು ಯಾರೂ ಓದಿರಲಿಲ್ಲ. ಬೋಲ್ಟ್ ಹಿಡಿಯ ಹಿಂದಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಚೌಕಟ್ಟಿನ ಸಂಖ್ಯೆಗೆ ಹೊಂದುವುದಿಲ್ಲ. ನಳಿಗೆಯೊಳಗೆ ಗೆರೆಗಳು ಚೂಪಾಗಿ ಹೊಳೆಯುತ್ತವೆ. ಆದರೆ ಬಾಯಿಯಿಂದ ಸುಮಾರು ಒಂದು ಗೇಣು ಒಳಗೆ ತೆಳುವಾದ ಕಪ್ಪು ಉಂಗುರವೊಂದು ಕಾಣುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಹೊರಗಿನಿಂದ ಕಣ್ಣಿಗೆ ಏನೂ ಕಾಣದು. ಈ ಕೋವಿಯ ಬಾಯಿಗೆ ಮಳೆಗಾಲದಲ್ಲಿ ಬಟ್ಟೆ ತುರುಕುತ್ತಿದ್ದದ್ದು ಹೌದೆಂದು ಅಮ್ಮ ಹೇಳಿದರು.

ಮಾರ್ಟಿನಿಯ ಬಲಗಡೆ ಕಿರೀಟ, ವಿ.ಆರ್., ಎನ್‌ಫೀಲ್ಡ್, 1880, ಅದರ ಕೆಳಗೆ ರೋಮನ್ ಅಂಕಿಯಲ್ಲಿ ಮೂರು. ಎನ್ ಅಕ್ಷರ ಸರಿಯಾಗಿದೆ. ಬಾಯಿ 11 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ತೋಟೆಗಳಲ್ಲಿ ಕೆಲವಕ್ಕೆ ಹಸಿರು ಕಿಲುಬು ಹಿಡಿದಿದೆ, ಬುಡದಲ್ಲಿ ಕೆ.ಎಫ್. ಎಂದಿದೆ.

ಉತ್ತರ — ನಿವೃತ್ತ ಆರ್ಮರರ್

ಆ ಉಂಗುರವೇ ಉತ್ತರ. ನಳಿಗೆ ಬರಿದಾಗಿರುವ ಜಾಗವಾದ್ದರಿಂದ ಒಂದು ಕೆಲಸ ಮಾಡಿ: ಉಕ್ಕಿನ ಅಳತೆಪಟ್ಟಿಯ ಅಂಚನ್ನು ನಳಿಗೆಯ ಉದ್ದಕ್ಕೂ ಇಟ್ಟು ಅದರ ಹಿಂದಿನಿಂದ ಬೆಳಕು ಬರುವಂತೆ ಹಿಡಿಯಿರಿ. ನಳಿಗೆ ಬಾಯಿಯ ಕಡೆಗೆ ಸಣ್ಣದಾಗುತ್ತ ಹೋಗುವುದರಿಂದ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡಬೇಕು. ಉಂಗುರ ಇರುವಲ್ಲಿ ಪಟ್ಟಿ ತೊಟ್ಟಿಲಿನಂತೆ ತೂಗಿದರೆ ಉಬ್ಬು ಹೊರಗೂ ಬಂದಿದೆ. ಬೆರಳ ತುದಿಯನ್ನು ಕಣ್ಣು ಮುಚ್ಚಿ ಮೆಲ್ಲಗೆ ಎಳೆದರೂ ಒಮ್ಮೊಮ್ಮೆ ಸಿಗುತ್ತದೆ. ಹೊರಗೆ ಸಿಗದಿದ್ದರೂ ನನ್ನ ಅಭಿಪ್ರಾಯ ಬದಲಾಗದು. ಹಿಗ್ಗಿದ ಉಕ್ಕು ತನ್ನ ಮಿತಿಯನ್ನು ಒಮ್ಮೆ ದಾಟಿಯಾಗಿದೆ. ಅದು ಇನ್ನು ನೂರು ಈಡು ತಡೆಯಬಹುದು, ಮುಂದಿನದನ್ನೇ ತಡೆಯದಿರಲೂಬಹುದು. ಇದರ ಜೊತೆಗೆ ಬೋಲ್ಟ್ ಬೇರೆ ರೈಫಲ್‌ನದು. ಒಂದೇ ದೋಷವಾಗಿದ್ದರೆ ಗೇಜು ಹಾಕಿ ನೋಡೋಣ ಎನ್ನುತ್ತಿದ್ದೆ, ಎರಡೂ ಸೇರಿದಾಗ ಈ ನಳಿಗೆಯಲ್ಲಿ ಸ್ಪರ್ಧೆಗೆ ಇಳಿಯುವ ಯೋಚನೆ ಬಿಡಿ.

ಹಾಗೆಂದು ರೈಫಲ್ ಗುಜರಿಯೂ ಅಲ್ಲ. ಚೌಕಟ್ಟು ಚೆನ್ನಾಗಿದ್ದರೆ, ಪರವಾನಗಿ ಇರುವ ದುರಸ್ತಿಗಾರರಲ್ಲಿ ಹೊಸ .315 ನಳಿಗೆ ಮತ್ತು ಬೋಲ್ಟ್ ಕೂರಿಸಿ ಗೇಜು ಮಾಡಿಸಬಹುದು. ಅದರ ಖರ್ಚನ್ನು, ಚೆನ್ನಾಗಿರುವ ಇನ್ನೊಂದು ಹಳೆಯ .315 ಕೊಳ್ಳುವ ಖರ್ಚಿನೊಂದಿಗೆ ಹೋಲಿಸಿ ನೋಡಿ. ಲೆಕ್ಕ ಬಹುಶಃ ಎರಡನೆಯದರ ಕಡೆಗೇ ವಾಲುತ್ತದೆ, ಆದರೆ ಅಜ್ಜನ ಕೋವಿ ಎಂಬ ಕಾರಣಕ್ಕೆ ಮೊದಲನೆಯದನ್ನು ಆರಿಸುವವರನ್ನೂ ನಾನು ತಪ್ಪು ಎನ್ನುವುದಿಲ್ಲ. ಊರಿನ ಕಮ್ಮಾರರ ಕೈಗೆ ಮಾತ್ರ ಕೊಡಬೇಡಿ. ಅವರು ಕೆಲಸದಲ್ಲಿ ಎಷ್ಟೇ ನಿಪುಣರಿರಲಿ, ಪರವಾನಗಿಯಿಲ್ಲದ ದುರಸ್ತಿ ಅವರನ್ನೂ ನಿಮ್ಮನ್ನೂ ಸಿಕ್ಕಿಸುತ್ತದೆ.

ಕೆ.ಎಫ್. ಎಂದರೆ ಪುಣೆಯ ಖಡ್ಕಿ ಕಾರ್ಖಾನೆಯ ಮುದ್ರೆ. ಕಿಲುಬು ಹಿಡಿದವು, ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟವು ಬಳಕೆಗಲ್ಲ. ಚೆನ್ನಾಗಿ ಕಾಣುವವೂ ತಡವಾಗಿ ಸಿಡಿಯಬಹುದು. ಕುದುರೆ ಎಳೆದಾಗ ಬರೀ ಟಿಕ್ ಎಂದರೆ ತಕ್ಷಣ ಬೋಲ್ಟ್ ತೆರೆಯದೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕೆಂದು ನಮಗೆ ಕಲಿಸಿದ್ದು ಇದಕ್ಕಾಗಿಯೇ.

ಮಾರ್ಟಿನಿಯ ಸನ್ನೆ ಅರ್ಧಕ್ಕೆ ನಿಲ್ಲುವುದು ಒಳಗಿನ ಎಣ್ಣೆ ಗಟ್ಟಿಯಾಗಿಯೂ ಇರಬಹುದು, ತೋಟೆಯೊಂದು ಒಳಗೇ ಸಿಕ್ಕಿಕೊಂಡೂ ಇರಬಹುದು. ಬಲವಂತ ಮಾಡಬೇಡಿ. ಬಾಯಿಯಿಂದ ತೆಳುವಾದ ಮರದ ಕಡ್ಡಿ ಇಳಿಸಿ ಗುರುತು ಹಾಕಿ, ಅದನ್ನೇ ಹೊರಗೆ ನಳಿಗೆಯ ಪಕ್ಕ ಹಿಡಿದು ನೋಡಿ. ಕಡ್ಡಿ ಬುಡದವರೆಗೆ ಹೋಗದೆ ಮೂರು ನಾಲ್ಕು ಇಂಚು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಆಗ ಕೋವಿ ತುಂಬಿದೆ ಎಂದೇ ತಿಳಿದು, ಇದ್ದಲ್ಲೇ ಬಿಟ್ಟು, ಬಲ್ಲವರನ್ನು ಕರೆಸಿ.

ಉತ್ತರ — ಹಳೆ ಸಾಮಾನಿನ ಹುಚ್ಚ

1880, ಮಾರ್ಕ್ ಮೂರು, ಎನ್‌ಫೀಲ್ಡ್. ಮಾರ್ಕ್ ಮೂರು ಬಂದದ್ದು 1879ರಲ್ಲಿ, ಆದ್ದರಿಂದ ವರ್ಷ ಮತ್ತು ಮಾದರಿ ಒಂದಕ್ಕೊಂದು ಹೊಂದುತ್ತವೆ. ಬೋರೂ ಮೂಲದ್ದು. ಮುದ್ರೆಯ ಅಕ್ಷರಗಳು ಒಂದೇ ಆಳಕ್ಕೆ, ಒಂದೇ ಸಾಲಿನಲ್ಲಿ ಇವೆಯೇ ಎಂದು ನೋಡಿ ಒಂದು ಹತ್ತಿರದ ಫೋಟೊ ಹಾಕಿದರೆ ಇನ್ನಷ್ಟು ಹೇಳಬಹುದು. ಈ ಎರಡರಲ್ಲಿ ನಿಜವಾದ ಮಿಲಿಟರಿ ಕೋವಿ ಇದೊಂದೇ, ಮನೆಯವರು ಅದನ್ನು ಇಷ್ಟು ದಿನ ಮೂಲೆಗಿಟ್ಟು ಇನ್ನೊಂದನ್ನು ಹೊಗಳುತ್ತಿದ್ದರು.

ಉತ್ತರ — ಕಡತ ಓದುವವ

ಕಾಗದದಲ್ಲೂ ನಳಿಗೆಯಲ್ಲೂ .315 ಎಂದೇ ಇರುವುದು ನಿಮ್ಮ ಅದೃಷ್ಟ. ಮಾರ್ಟಿನಿ ನಿಮ್ಮ ತಂದೆಯವರ ಕಾಗದದಲ್ಲಿ ನಮೂದಾಗಿದೆಯೇ ಎಂಬುದನ್ನು ನೀವು ಬರೆದಿಲ್ಲ, ಅದನ್ನು ಇವತ್ತೇ ನೋಡಿ. ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಆಯುಧಗಳಿಗೆ ಕಾಯ್ದೆಯ 45ನೇ ಕಲಮಿನಲ್ಲಿ ರಿಯಾಯಿತಿ ಇದೆ, ಆದರೆ ನಿಮ್ಮ ಕೋವಿ ಅದರೊಳಗೆ ಬರುತ್ತದೆಯೇ ಎಂದು ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ. ನಮೂದಾಗಿಲ್ಲದಿದ್ದರೆ ಮುಚ್ಚಿಡದೆ ಮುದ್ರೆಗಳ ಫೋಟೊ ಸಹಿತ ಜಿಲ್ಲಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಹೆಸರು ಬದಲಾವಣೆ ಮುಗಿಯುವವರೆಗೆ ಎರಡನ್ನೂ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಲು 21ನೇ ಕಲಮಿನಲ್ಲಿ ಅವಕಾಶವಿದೆ. ಇಡುವಾಗ ರಸೀದಿಯಲ್ಲಿ ಬೋರು, ಸಂಖ್ಯೆ, ಬೋಲ್ಟ್‌ನ ಬೇರೆ ಸಂಖ್ಯೆ ಎಲ್ಲವನ್ನೂ ಬರೆಸಿಕೊಳ್ಳಿ, ಮತ್ತು ಎರಡಕ್ಕೂ ಎಣ್ಣೆ ಹಚ್ಚಿಯೇ ಕೊಡಿ. ಮಳೆ ಶುರುವಾದ ಮೇಲೆ ಅಲ್ಲಿ ಯಾರೂ ಒರೆಸುವುದಿಲ್ಲ.